ತೆರೆದಿಟ್ಟ ಕಡತ, ಕೈಗೆ ಸಿಗದ ಕಾಗದ

ಶಿಕಾಗೊ ನಗರದಲ್ಲಿ ಒಂದು ಮನೆಯ ಜಾತಕ ತಿಳಿಯಲು 14 ಅಂಕಿಗಳು ಸಾಕು. ಕುಕ್ ಕೌಂಟಿ ತನ್ನ ಪ್ರತಿಯೊಂದು ನಿವೇಶನಕ್ಕೂ ಕೊಟ್ಟಿರುವ ಸಂಖ್ಯೆ ಅದು. ಅಲ್ಲಿನ ಜನ ಅದನ್ನು ‘ಪಿನ್’ ಎನ್ನುತ್ತಾರೆ. ಕೌಂಟಿಯ ಜಾಲತಾಣಗಳಲ್ಲಿ ಆ ಸಂಖ್ಯೆ ಹಾಕಿದರೆ ಮನೆಯ ಚಿತ್ರ, ಅದಕ್ಕೆ ಕಟ್ಟಿದ ಬೆಲೆ, ತೆರಿಗೆಯ ಬಾಕಿ, ಅದು ಯಾರಿಂದ ಯಾರಿಗೆ ಕ್ರಯವಾಯಿತು, ಯಾವ ಬ್ಯಾಂಕಿಗೆ ಅಡವಾಗಿದೆ ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಅದೇ ಮನೆಯ ಹುಡುಗನೊಬ್ಬನನ್ನು ಪೊಲೀಸರು ಹಿಡಿದೊಯ್ದರೆ ಮಾತು ಬೇರೆ. ಕ್ರಿಮಿನಲ್ ಮೊಕದ್ದಮೆಯ ಕಾಗದಪತ್ರಗಳಿಗಾಗಿ ಮನೆಯವರೂ ಪತ್ರಕರ್ತರೂ ಬಹುಕಾಲ ಕ್ಯಾಲಿಫೋರ್ನಿಯಾ ಅವೆನ್ಯೂನಲ್ಲಿರುವ ಕೋರ್ಟಿಗೇ ಹೋಗಿ ಕೌಂಟರಿನ ಮುಂದೆ ನಿಲ್ಲಬೇಕಿತ್ತು. ಆಸ್ತಿಯ ವಿಷಯದಲ್ಲಿ ಇಷ್ಟು ಧಾರಾಳವಾಗಿರುವ ಕೌಂಟಿ ಮನುಷ್ಯರ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದೇ ಅದರ ಸಾರ್ವಜನಿಕ ದಾಖಲೆ ವ್ಯವಸ್ಥೆಯ ದೊಡ್ಡ ಕೊರತೆ.

ಕುಕ್ ಕೌಂಟಿ ಸಣ್ಣ ಆಡಳಿತವಲ್ಲ. 2020ರ ಜನಗಣತಿಯಂತೆ ಅಲ್ಲಿ ಸುಮಾರು 52 ಲಕ್ಷ 75 ಸಾವಿರ ಜನ ಇದ್ದರು. ಅಮೆರಿಕದ ಕೌಂಟಿಗಳಲ್ಲಿ ಲಾಸ್ ಏಂಜಲೀಸ್ ಬಿಟ್ಟರೆ ಇದೇ ದೊಡ್ಡದು. ಶಿಕಾಗೊ ನಗರದ ಜೊತೆಗೆ 130ಕ್ಕೂ ಹೆಚ್ಚು ಊರುಗಳು ಇದರೊಳಗಿವೆ. ಒಂದೇ ಮನೆಯ ತೆರಿಗೆ ನಾಲ್ಕು ಕಡೆ ಹಂಚಿಹೋಗಿದೆ: ಬೆಲೆ ಕಟ್ಟುವವರು ಅಸೆಸರ್, ತಕರಾರು ಕೇಳುವುದು ಬೋರ್ಡ್ ಆಫ್ ರಿವ್ಯೂ, ದರ ಲೆಕ್ಕ ಹಾಕುವವರು ಕ್ಲರ್ಕ್, ಹಣ ವಸೂಲು ಮಾಡುವವರು ಟ್ರೆಷರರ್. ಎಲ್ಲವೂ ಬೇರೆ ಬೇರೆ ಚುನಾಯಿತ ಕಚೇರಿಗಳು. ಕ್ರಯಪತ್ರಗಳನ್ನು ಕಾಪಾಡಲು ರೆಕಾರ್ಡರ್ ಎಂಬ ಐದನೆಯ ಕಚೇರಿಯೂ ಇತ್ತು. 2016ರಲ್ಲಿ ಮತದಾರರು ಅದನ್ನು ಕ್ಲರ್ಕ್ ಕಚೇರಿಯೊಂದಿಗೆ ಸೇರಿಸಲು ಒಪ್ಪಿದರು, 2020ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು. ಇಷ್ಟು ಬಾಗಿಲುಗಳಿರುವ ಕಡೆ ದಾಖಲೆ ಇದೆಯೇ ಎನ್ನುವುದಕ್ಕಿಂತ ಯಾವ ಬಾಗಿಲಲ್ಲಿ, ಯಾವ ಸಂಖ್ಯೆ ಹಿಡಿದು ಕೇಳಬೇಕು ಎನ್ನುವುದೇ ಮುಖ್ಯವಾಗುತ್ತದೆ.

ದಾಖಲೆಯ ಬೆಲೆಯನ್ನು ಕೌಂಟಿ ಕಲಿತದ್ದು ಬೆಂಕಿಯಲ್ಲಿ. 1871ರ ಅಕ್ಟೋಬರ್ 8ರ ರಾತ್ರಿ ಹೊತ್ತಿಕೊಂಡ ಬೆಂಕಿ ಶಿಕಾಗೊದ ನಡುಭಾಗವನ್ನು ಸುಟ್ಟಾಗ ಕೋರ್ಟಿನ ಕಟ್ಟಡವೂ ಉರಿಯಿತು. ಅದರೊಳಗಿದ್ದ ಕ್ರಯಪತ್ರ, ಅಡಮಾನ, ಮದುವೆ, ಮೊಕದ್ದಮೆಗಳ ಪುಸ್ತಕಗಳು ಬೂದಿಯಾದವು. ನಗರದ ಯಾವ ನೆಲ ಯಾರದೆಂದು ಹೇಳುವ ಸರ್ಕಾರಿ ಕಾಗದ ಉಳಿಯಲಿಲ್ಲ. ಉಳಿದದ್ದು ಮೂರು ಖಾಸಗಿ ಸಂಸ್ಥೆಗಳ ಪುಸ್ತಕಗಳು. ನೆಲದ ಹಕ್ಕಿನ ಸಾರಾಂಶ ಬರೆದುಕೊಡುವುದು ಅವುಗಳ ಕಸುಬಾಗಿತ್ತು. ಅವುಗಳಲ್ಲೊಂದರ ಪಾಲುದಾರ ಜಾನ್ ಶಾರ್ಟಾಲ್ ದಾರಿಯಲ್ಲಿ ಹೋಗುತ್ತಿದ್ದ ಬಂಡಿಯೊಂದನ್ನು ಬಲವಂತವಾಗಿ ನಿಲ್ಲಿಸಿ, ತನ್ನ ಪುಸ್ತಕಗಳನ್ನು ಅದರಲ್ಲಿ ಹೇರಿಕೊಂಡು ಬೆಂಕಿಯಿಂದ ಪಾರುಮಾಡಿದ. ಇಲಿನಾಯ್ ರಾಜ್ಯದ ಶಾಸನಸಭೆ 1872ರಲ್ಲಿ ‘ಸುಟ್ಟ ದಾಖಲೆಗಳ ಕಾಯ್ದೆ’ ತಂದು ಆ ಖಾಸಗಿ ಟಿಪ್ಪಣಿಗಳನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಒಪ್ಪಿತು. ನಗರ ಉಳಿಯಿತು. ಆದರೆ ಬೆಂಕಿಗೆ ಮುಂಚಿನ ದಾಖಲೆ ಸಾರ್ವಜನಿಕರ ಕೈತಪ್ಪಿ ಕಂಪನಿಯ ಸೊತ್ತಾಯಿತು. ಆ ಮೂರೂ ಸಂಸ್ಥೆಗಳು ಕೂಡಿಕೊಂಡು ಬೆಳೆದು ಶಿಕಾಗೊ ಟೈಟಲ್ ಎಂಬ ದೊಡ್ಡ ಕಂಪನಿಯಾದವು.

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಪರಿಚಿತ ಸಂಗತಿಯಿದೆ. ನಮ್ಮ ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ನೋಂದಾಯಿಸಿ ಇಸಿ ತೆಗೆದ ಮಾತ್ರಕ್ಕೆ ಹಕ್ಕು ಖಾತ್ರಿಯಾಗುವುದಿಲ್ಲ, ವಕೀಲರು ಹಿಂದಿನ ಪತ್ರಗಳನ್ನೆಲ್ಲ ಜಾಲಾಡಬೇಕು. ಕುಕ್ ಕೌಂಟಿಯದೂ ಅದೇ ಕಥೆ. ಕಚೇರಿ ಕಾಗದವನ್ನು ದಾಖಲಿಸುತ್ತದೆ, ಅದರ ಸತ್ಯಕ್ಕೆ ಹೊಣೆಯಾಗುವುದಿಲ್ಲ. 1897ರ ಕಾಯ್ದೆಯ ಬಲದಿಂದ, ಸರ್ಕಾರವೇ ಹಕ್ಕಿಗೆ ಖಾತ್ರಿ ಕೊಡುವ ಟಾರೆನ್ಸ್ ಪದ್ಧತಿಯನ್ನು ಕೌಂಟಿ ನಡೆಸಿ ನೋಡಿತ್ತು. 1990ರ ದಶಕದಲ್ಲಿ ಅದನ್ನು ಕೈಬಿಟ್ಟಿತು.

ಈ ವ್ಯವಸ್ಥೆಯಲ್ಲಿ ನಿಜಕ್ಕೂ ಮೆಚ್ಚಬೇಕಾದದ್ದು ಟ್ರ್ಯಾಕ್ಟ್ ಬುಕ್. ಮಾರಿದವರ, ಕೊಂಡವರ ಹೆಸರಿನ ಪ್ರಕಾರವಲ್ಲದೆ ನೆಲದ ತುಂಡಿನ ಪ್ರಕಾರ ಜೋಡಿಸಿದ ದಪ್ಪ ಪುಸ್ತಕಗಳು ಅವು. ಒಂದು ನಿವೇಶನದ ಪುಟ ತೆಗೆದರೆ ಅದಕ್ಕೆ ಸಂಬಂಧಿಸಿದ ಪತ್ರಗಳೆಲ್ಲ ಸಾಲಾಗಿ ಸಿಗುತ್ತವೆ. ಗಣಕದಲ್ಲಿ ಹುಡುಕಿದರೆ ಬಹುಮಟ್ಟಿಗೆ 1985ರ ಈಚಿನವು ಬರುತ್ತವೆ. ಅದಕ್ಕೂ ಹಿಂದಕ್ಕೆ ಹೋಗುವವರು ಈ ಪುಸ್ತಕಗಳನ್ನೂ ಮೈಕ್ರೋಫಿಲಂಗಳನ್ನೂ ಹಿಡಿಯಬೇಕು. ಶಿಕಾಗೊ ಕವನೆಂಟ್ಸ್ ಪ್ರಾಜೆಕ್ಟ್ ಎಂಬ ಸಂಶೋಧಕರ ತಂಡ ಸ್ವಯಂಸೇವಕರನ್ನು ಕರೆದುಕೊಂಡು ಇಂಥ ಪುಟಗಳನ್ನೇ ತಿರುವುತ್ತಿದೆ. ಕಪ್ಪು ಜನರಿಗೆ ಮನೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂದು ನೆರೆಹೊರೆಯವರು ಬರೆದುಕೊಂಡು ನೋಂದಾಯಿಸಿದ ಕರಾರುಗಳನ್ನು ಅವರು ಒಂದೊಂದಾಗಿ ಪತ್ತೆಹಚ್ಚುತ್ತಿದ್ದಾರೆ.

ಆ ಕರಾರುಗಳಲ್ಲಿ ಒಂದು ದೇಶದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬೆರಿಯ ತಂದೆ ಕಾರ್ಲ್ ಹ್ಯಾನ್ಸ್‌ಬೆರಿ ಶಿಕಾಗೊದ ದಕ್ಷಿಣ ಭಾಗದಲ್ಲಿ ಬಿಳಿಯರ ಬೀದಿಯೊಂದರಲ್ಲಿ ಮನೆ ಕೊಂಡಾಗ ನೆರೆಯವರು ಕರಾರು ತೋರಿಸಿ ದಾವೆ ಹೂಡಿದರು. ಆ ಕರಾರು ಜಾರಿಗೆ ಬರಲು ರಸ್ತೆಯತ್ತ ಮುಖ ಮಾಡಿದ ನೆಲದಲ್ಲಿ ಶೇಕಡಾ 95ರಷ್ಟರ ಒಡೆಯರು ಸಹಿ ಹಾಕಿರಬೇಕೆಂಬ ಷರತ್ತಿತ್ತು. ಹಿಂದಿನ ಮೊಕದ್ದಮೆಯೊಂದರಲ್ಲಿ ಎರಡೂ ಪಕ್ಷದವರು ಅಷ್ಟು ಸಹಿ ಇದೆಯೆಂದು ಒಪ್ಪಿಕೊಂಡುಬಿಟ್ಟಿದ್ದರು. ಎಣಿಸಿ ನೋಡಿದಾಗ ಸಿಕ್ಕಿದ್ದು ಸುಮಾರು ಶೇಕಡಾ 54 ಮಾತ್ರ. ಹಿಂದಿನ ತೀರ್ಪು ಹ್ಯಾನ್ಸ್‌ಬೆರಿಯನ್ನು ಕಟ್ಟಿಹಾಕದು ಎಂದು 1940ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ವರ್ಷ ಆ ಸಹಿಗಳು ಕರಾರಿನ ಪುಟಗಳಲ್ಲೇ ಇದ್ದವು. ಸಾರ್ವಜನಿಕ ದಾಖಲೆಯ ಬಗ್ಗೆ ಬರೆಯುವವರೆಲ್ಲ ಈ ಪ್ರಸಂಗವನ್ನು ನೆನಪಿಡಬೇಕು. ಓದುವವರಿಲ್ಲದೆ ಇದ್ದರೆ ಸರ್ಕಾರದ ಮೊಹರು ಬಿದ್ದ ಸುಳ್ಳು ಬೀದಿಗಟ್ಟಲೆ ಜನರನ್ನು ಹೊರಗಿಡಬಲ್ಲದು.

ಮನೆ ಕೊಳ್ಳಲು ಬ್ಯಾಂಕುಗಳು ಸಾಲ ಕೊಡದ ಕಾಲದಲ್ಲಿ, 1950 ಮತ್ತು 60ರ ದಶಕಗಳಲ್ಲಿ, ಕಪ್ಪು ಕುಟುಂಬಗಳು ದಲ್ಲಾಳಿಗಳಿಂದ ಕಂತಿನ ಕರಾರಿನ ಮೇಲೆ ದುಬಾರಿ ಬೆಲೆಗೆ ಮನೆ ಹಿಡಿಯುತ್ತಿದ್ದವು. ಕೊನೆಯ ಕಂತು ಕಟ್ಟುವವರೆಗೆ ಕ್ರಯಪತ್ರ ಅವರ ಹೆಸರಿಗೆ ಆಗುತ್ತಿರಲಿಲ್ಲ. ಒಂದು ಕಂತು ತಪ್ಪಿದರೂ ಮನೆ ಹೋಗುತ್ತಿತ್ತು. ಇಂಥ ಕರಾರುಗಳು ಹೆಚ್ಚಾಗಿ ನೋಂದಣಿಯಾಗುತ್ತಿರಲಿಲ್ಲವಾದ್ದರಿಂದ ಸಂಶೋಧಕರು ದಲ್ಲಾಳಿ ಕೊಂಡ ಪತ್ರ, ಬಹಳ ವರ್ಷಗಳ ನಂತರ ಕುಟುಂಬದ ಹೆಸರಿಗಾದ ಪತ್ರ ಇವೆರಡನ್ನೂ ಪಕ್ಕಪಕ್ಕ ಇಟ್ಟು ಮೋಸವನ್ನು ಲೆಕ್ಕ ಹಾಕಬೇಕಾಯಿತು. ಡ್ಯೂಕ್ ವಿಶ್ವವಿದ್ಯಾಲಯ 2019ರಲ್ಲಿ ಹೊರತಂದ ವರದಿ ಈ ನಷ್ಟವನ್ನು 300 ಕೋಟಿಯಿಂದ 400 ಕೋಟಿ ಡಾಲರ್ ಎಂದು ಅಂದಾಜು ಮಾಡಿತು.

ಆಸ್ತಿ ದಾಖಲೆಯ ಮುಕ್ತತೆ ಇಂದಿನವರಿಗೂ ಫಲ ಕೊಟ್ಟಿದೆ. 2017ರಲ್ಲಿ ಶಿಕಾಗೊ ಟ್ರಿಬ್ಯೂನ್ ಮತ್ತು ಪ್ರೊಪಬ್ಲಿಕಾ ಪ್ರಕಟಿಸಿದ ವರದಿಗಳು ಕೌಂಟಿಯ ಬೆಲೆಕಟ್ಟುವಿಕೆಯಲ್ಲಿ ಬಡವರ ಮನೆಗಳಿಗೆ ಹೆಚ್ಚು, ಶ್ರೀಮಂತರ ಮನೆಗಳಿಗೆ ಕಡಿಮೆ ಹೊರೆ ಬೀಳುತ್ತಿದೆಯೆಂದು ದಾಖಲೆಗಳಿಂದಲೇ ತೋರಿಸಿದವು. ಮರುವರ್ಷದ ಪ್ರೈಮರಿ ಚುನಾವಣೆಯಲ್ಲಿ ಅಸೆಸರ್ ಜೋಸೆಫ್ ಬೆರಿಯೋಸ್ ಸೋತರು. ಗೆದ್ದ ಫ್ರಿಟ್ಸ್ ಕೇಗಿ ಬೆಲೆ ಕಟ್ಟುವ ಗಣಕ ಸೂತ್ರವನ್ನೇ ಸಾರ್ವಜನಿಕವಾಗಿ ಪ್ರಕಟಿಸಿದರು. ಶಾಂಬರ್ಗ್, ಹಾಫ್‌ಮನ್ ಎಸ್ಟೇಟ್ಸ್‌ನಂಥ ಊರುಗಳಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಿಗೂ ಇದು ಉಪಯೋಗದ ಮಾತು: ಮೂರು ವರ್ಷಕ್ಕೊಮ್ಮೆ ಮನೆಯ ಬೆಲೆ ಮರುನಿಗದಿಯಾದಾಗ, ಅಕ್ಕಪಕ್ಕದ ಮನೆಗಳ ಅಂಕಿ ನೋಡಿ ತಾವೇ ಮೇಲ್ಮನವಿ ಸಲ್ಲಿಸಬಹುದು.

ಸತ್ತವರ ದಾಖಲೆಯಲ್ಲಿ ಕೌಂಟಿ ಇನ್ನೂ ಒಂದು ಹೆಜ್ಜೆ ಮುಂದಿದೆ. 1995ರ ಜುಲೈನಲ್ಲಿ ತಾಪಮಾನ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ನೂರಾರು ಜನ, ಹೆಚ್ಚಿನವರು ಒಂಟಿ ವೃದ್ಧರು, ಮನೆಯೊಳಗೇ ಸತ್ತರು. ಇಷ್ಟು ಸಾವು ಸೆಕೆಯಿಂದಲೇ ಆದದ್ದೆಂದು ಮೇಯರ್ ರಿಚರ್ಡ್ ಎಂ. ಡೇಲಿ ಒಪ್ಪಲಿಲ್ಲ. ಕೌಂಟಿಯ ಮುಖ್ಯ ಮೆಡಿಕಲ್ ಎಕ್ಸಾಮಿನರ್ ಎಡ್ಮಂಡ್ ಡೊನಹ್ಯೂ ತಮ್ಮ ಎಣಿಕೆಯಿಂದ ಕದಲಲಿಲ್ಲ. ವಾಡಿಕೆಗಿಂತ 739 ಹೆಚ್ಚುವರಿ ಸಾವುಗಳಾಗಿದ್ದವೆಂದು ನಂತರದ ಅಧ್ಯಯನ ಹೇಳಿತು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ವಾರಸುದಾರರಿಲ್ಲದವರ ವಸ್ತುಗಳನ್ನು ಕಾಯುವ ಕೌಂಟಿ ಕಚೇರಿಯ ಕಡತಗಳನ್ನು ಓದಿ, ಈ ಜನ ಯಾಕೆ ಒಂಟಿಯಾಗಿ ಸತ್ತರೆಂದು 2002ರಲ್ಲಿ ಪುಸ್ತಕ ಬರೆದರು. ಈಗ ಮೆಡಿಕಲ್ ಎಕ್ಸಾಮಿನರ್ ಕಚೇರಿ ತನ್ನ ಮುಂದೆ ಬಂದ ಸಾವುಗಳ ಪಟ್ಟಿಯನ್ನು ಎಲ್ಲರೂ ನೋಡುವಂತೆ ಜಾಲದಲ್ಲಿಟ್ಟಿದೆ. ಕೊರೊನಾ ಕಾಲದಲ್ಲಿ ಪ್ರೊಪಬ್ಲಿಕಾ ಅದೇ ಕಚೇರಿಯ ದಾಖಲೆಗಳ ನೆರವಿನಿಂದ, ನಗರದ ಮೊದಲ 100 ಸಾವುಗಳಲ್ಲಿ 70 ಕಪ್ಪು ಜನರವು ಎಂದು ತೋರಿಸಿತು.

ಬದುಕಿರುವವರು ಕೇಳಿದಾಗ, ಅದರಲ್ಲೂ ಪೊಲೀಸರ ಬಗ್ಗೆ ಕೇಳಿದಾಗ, ಏನಾಗುತ್ತದೆ? 2014ರ ಅಕ್ಟೋಬರ್ 20ರಂದು ಶಿಕಾಗೊ ಪೊಲೀಸನೊಬ್ಬ 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್‌ನನ್ನು ಗುಂಡಿಟ್ಟು ಕೊಂದ. ಹುಡುಗ ಚಾಕು ಹಿಡಿದು ಮೈಮೇಲೆ ಬಂದ ಎಂಬುದು ಪೊಲೀಸ್ ಕಡೆಯ ಹೇಳಿಕೆ. ಪತ್ರಕರ್ತ ಜೇಮಿ ಕ್ಯಾಲ್ವೆನ್ ಮಾಹಿತಿ ಕಾಯ್ದೆಯಡಿ ಮೆಡಿಕಲ್ ಎಕ್ಸಾಮಿನರ್ ಕಚೇರಿಯಿಂದ ಶವಪರೀಕ್ಷೆಯ ವರದಿ ಪಡೆದು 2015ರ ಫೆಬ್ರವರಿಯಲ್ಲಿ ಬರೆದರು: ದೇಹದಲ್ಲಿ 16 ಗುಂಡಿನ ಗಾಯಗಳಿದ್ದವು. ಏಪ್ರಿಲ್‌ನಲ್ಲಿ ನಗರಸಭೆ ಕುಟುಂಬಕ್ಕೆ 50 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು, ಗುಂಡಿಟ್ಟ ಘಟನೆಯ ವಿಡಿಯೊವನ್ನು ಮಾತ್ರ ಬಿಡಲಿಲ್ಲ. ಪತ್ರಕರ್ತ ಬ್ರ್ಯಾಂಡನ್ ಸ್ಮಿತ್ ಅರ್ಜಿ ಹಾಕಿದರು, ನಿರಾಕರಣೆ ಬಂತು, ಕೋರ್ಟಿಗೆ ಹೋದರು. ತನಿಖೆಗೆ ಅಡ್ಡಿಯಾಗುತ್ತದೆ ಎಂದು ಪೊಲೀಸ್ ಇಲಾಖೆ ವಾದಿಸಿತು. ತನಿಖೆ ನಡೆಸುತ್ತಿದ್ದದ್ದು ಆ ಇಲಾಖೆಯೇ ಅಲ್ಲ ಎಂದು ಕಂಡ ನ್ಯಾಯಾಧೀಶ ಫ್ರಾಂಕ್ಲಿನ್ ವಲ್ಡೆರಾಮಾ ನವೆಂಬರ್ 19ರಂದು ವಿಡಿಯೊ ಕೊಡಲು ಆದೇಶಿಸಿದರು. ನವೆಂಬರ್ 24ರಂದು ಅದು ಹೊರಬಂತು. ಹುಡುಗ ಪೊಲೀಸರಿಂದ ದೂರ ನಡೆದುಹೋಗುತ್ತಿದ್ದುದನ್ನು ದೇಶವೇ ನೋಡಿತು. ಅದೇ ದಿನ ಆ ಪೊಲೀಸನ ಮೇಲೆ ಕೊಲೆಯ ಆರೋಪ ಹೊರಿಸಲಾಯಿತು, 2018ರಲ್ಲಿ ಅವನು ಅಪರಾಧಿಯೆಂದು ತೀರ್ಮಾನವಾಯಿತು. ಹದಿಮೂರು ತಿಂಗಳು ಅಡಗಿದ್ದ ಆ ವಿಡಿಯೊ ಆರಂಭದಿಂದಲೂ ಸಾರ್ವಜನಿಕ ದಾಖಲೆಯೇ ಆಗಿತ್ತು.

ಕಾಗದದ ಮೇಲೆ ಇಲಿನಾಯ್‌ನ ಮಾಹಿತಿ ಕಾಯ್ದೆ ಗಟ್ಟಿಯಾಗಿದೆ. 2010ರಿಂದ ಜಾರಿಯಲ್ಲಿರುವ ರೂಪದಲ್ಲಿ ಕಚೇರಿ 5 ಕೆಲಸದ ದಿನಗಳಲ್ಲಿ ಉತ್ತರಿಸಬೇಕು, ಇನ್ನೂ 5 ದಿನ ಕೇಳಬಹುದು. ಮೊದಲ 50 ಪುಟಗಳ ಕಪ್ಪು ಬಿಳುಪು ಪ್ರತಿ ಉಚಿತ. ಬೇಕೆಂದೇ ಕಾಯ್ದೆ ಮುರಿದ ಕಚೇರಿಗೆ ಕೋರ್ಟು 2,500ರಿಂದ 5,000 ಡಾಲರ್ ದಂಡ ಹಾಕಬಹುದು. 30 ದಿನ ಕಾಯುವ ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆಯ ಪಕ್ಕದಲ್ಲಿಟ್ಟರೆ ಇದು ಚುರುಕಾದ ಕಾನೂನು. ಆದರೂ ದೊಡ್ಡ ಸತ್ಯಗಳು ಹೊರಬರಲು ವಕೀಲರು ಬೇಕಾದರು. ದಾವೆ ಹೂಡುವ ಶಕ್ತಿಯಿಲ್ಲದ ತಾಯಿಗೆ ಐದು ದಿನದ ಗಡುವು ಇದ್ದೂ ಇಲ್ಲದಂತೆ.

ಕೋರ್ಟಿನ ಕಡತಗಳಿಗಂತೂ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಸರ್ಕಿಟ್ ಕೋರ್ಟಿನ ಕ್ಲರ್ಕ್ ನ್ಯಾಯಾಂಗಕ್ಕೆ ಸೇರಿದವರು ಎಂಬುದು ಕಾರಣ. ಬೇರೊಂದು ರಾಜ್ಯ ಕಾನೂನು ಆ ಪುಸ್ತಕಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು ಎನ್ನುತ್ತದೆ. ಆದರೆ ಉತ್ತರಕ್ಕೆ ಗಡುವಿಲ್ಲ, ನಿರಾಕರಿಸಿದರೆ ದಂಡವೂ ಇಲ್ಲ. ಇದೇ ಕೋರ್ಟಿನ ಬಾಡಿಗೆ ಮನೆ ತೆರವಿನ ಮೊಕದ್ದಮೆಗಳ ಗತಿ ನೋಡಿ. ಮಾಲೀಕ ದಾವೆ ಹೂಡಿದ ಕೂಡಲೇ ಬಾಡಿಗೆದಾರನ ಹೆಸರು ಹುಡುಕಿದವರಿಗೆ ಸಿಗುತ್ತದೆ. ಬಾಡಿಗೆದಾರರ ಪೂರ್ವಾಪರ ವಿಚಾರಿಸುವ ಕಂಪನಿಗಳು ಅದನ್ನು ಎತ್ತಿಕೊಳ್ಳುತ್ತವೆ. ಮೊಕದ್ದಮೆ ವಜಾ ಆದರೂ ಮುಂದಿನ ಮನೆ ಸಿಗುವುದು ಕಷ್ಟವಾಗುತ್ತದೆ. ಮುಕ್ತ ದಾಖಲೆಯನ್ನು ಕಣ್ಣುಮುಚ್ಚಿ ಹೊಗಳುವವರು ಇದಕ್ಕೆ ಉತ್ತರಿಸಬೇಕು. ಬಡವನ ಹೆಸರು ಒಂದು ಕ್ಷಣದಲ್ಲಿ ಸಿಗುವ ಕಡೆ ಅಧಿಕಾರಿಯ ನಡೆ ತಿಂಗಳುಗಟ್ಟಲೆ ಸಿಗದಿದ್ದರೆ ಅದನ್ನು ಪಾರದರ್ಶಕತೆ ಎನ್ನಲಾಗದು.

ನೆಲ ಮತ್ತು ಸಾವಿನ ದಾಖಲೆಗಳಲ್ಲಿ ಕುಕ್ ಕೌಂಟಿ ಬೇರೆ ನಗರಗಳಿಗೆ ಮಾದರಿ. ಪೊಲೀಸ್ ಮತ್ತು ಕೋರ್ಟಿನ ದಾಖಲೆಗಳಲ್ಲಿ ಆ ಮಾದರಿ ಅಲ್ಲಿ ಕಾಣುವುದಿಲ್ಲ. ಟ್ರ್ಯಾಕ್ಟ್ ಬುಕ್‌ಗಳ ಪ್ರತಿಯೊಂದು ಪುಟವೂ ಜಾಲಕ್ಕೆ ಬರಬೇಕು. ಕೋರ್ಟಿನ ಕ್ಲರ್ಕ್ ಕಚೇರಿಯನ್ನು ಮಾಹಿತಿ ಕಾಯ್ದೆಯ ಗಡುವು, ದಂಡಗಳ ಒಳಗೆ ತರಬೇಕು. ತೀರ್ಪೇ ಬಾರದ ತೆರವಿನ ದಾವೆಗಳಲ್ಲಿ ಬಾಡಿಗೆದಾರರ ಹೆಸರನ್ನು ಮುಚ್ಚಿಡಬೇಕು. ಈ ಮೂರನ್ನೂ ಮಾಡುವ ಅಧಿಕಾರ ಕೌಂಟಿ ಮಂಡಳಿ, ರಾಜ್ಯ ಶಾಸನಸಭೆ ಮತ್ತು ಇಲಿನಾಯ್ ಸುಪ್ರೀಂ ಕೋರ್ಟುಗಳ ಕೈಯಲ್ಲಿದೆ.