ಕಂಸನಿಗೆ ಹೇಳಿದ್ದು

ಮೈಸೂರಿನಲ್ಲಿ ರೇಡಿಯೊ ಮಾತು ಬಂದರೆ ಸಾಕು, ಎಲ್ಲರೂ ಒಂಟಿಕೊಪ್ಪಲಿನ ‘ವಿಠ್ಠಲ ವಿಹಾರ’ಕ್ಕೆ ಹೋಗಿ ನಿಲ್ಲುತ್ತಾರೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಆ ಮನೆಯಲ್ಲೇ ನಿಲಯ ಹೂಡಿದ್ದು, ಅದರ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ದೇಶದ ರೇಡಿಯೊವೇ ಎತ್ತಿಕೊಂಡದ್ದು ಗೊತ್ತಿರುವ ಕಥೆ. ಹೆಸರಿಟ್ಟವರು ಅವರೋ ನಾ. ಕಸ್ತೂರಿಯವರೋ ಎಂಬ ಜಗ್ಗಾಟವೂ ಹಳತು. ಹೆಸರು ಒಪ್ಪುತ್ತದೆಯೇ ಎಂದು ಮಾತ್ರ ಯಾರೂ ಕೇಳಿದಂತಿಲ್ಲ.

ನನಗೆ ಒಪ್ಪಿಲ್ಲ. ಭಾಗವತದ ಸಂದರ್ಭ ನೋಡಿ. ಮದುವೆಯಾದ ತಂಗಿಯನ್ನು ಕೂರಿಸಿಕೊಂಡು ಕಂಸ ತಾನೇ ರಥ ಹೊಡೆಯುತ್ತಿದ್ದಾನೆ. ಮೇಲಿನಿಂದ ದನಿ ಬರುತ್ತದೆ. ಅವನನ್ನೇ ಮೂಢನೆಂದು ಕರೆದು, ಇವಳ ಎಂಟನೆಯ ಗರ್ಭದಿಂದ ನಿನಗೆ ಸಾವು ಎನ್ನುತ್ತದೆ. ವಿಳಾಸ ಬರೆದ ಕಾಗದವದು. ಹೇಳಿದವರು ಯಾರೋ ತಿಳಿಯದು, ಕೇಳಬೇಕಾದವನು ಮಾತ್ರ ಖಚಿತ. ರೇಡಿಯೊ ಪೂರಾ ತಿರುವುಮುರುವು. ‘ಆಕಾಶವಾಣಿ, ವಾರ್ತೆಗಳು’ ಎಂದ ಬೆನ್ನಿಗೇ ‘ಓದುತ್ತಿರುವವರು’ ಎಂದು ಹೆಸರು ಬರುತ್ತದೆ. ಮೂರನೆಯ ಪದಕ್ಕೇ ಅಶರೀರವಾಣಿಗೆ ಶರೀರ! ಕೇಳುವವರೋ, ಕಟಿಂಗ್ ಶಾಪಿನಲ್ಲಿ ಸರದಿಗೆ ಕೂತವರು, ಒಲೆ ಮುಂದಿನವರು, ಯಾರಾದರೂ ಆದೀತು.

ಇಂಗ್ಲಿಷಿನ ಬ್ರಾಡ್‌ಕಾಸ್ಟ್ ಹೊಲದಿಂದ ಬಂದ ಪದ: ಹಿಡಿ ಬೀಜ ತೆಗೆದು ಬೀಸಿ ಎರಚುವುದು. ನಮ್ಮ ಕಡೆ ಚೆಲ್ಲುವುದು ಎನ್ನುತ್ತಾರೆ. ಕೂರಿಗೆಯಲ್ಲಿ ಬಿಟ್ಟ ರಾಗಿ ಸಾಲು ಹಿಡಿಯುತ್ತದೆ; ಚೆಲ್ಲಿದ್ದು ಬದುವಿಗೂ ಬಿದ್ದೀತು, ಹಕ್ಕಿಯ ಪಾಲೂ ಆದೀತು. ರೇಡಿಯೊದ ಪಾಡೂ ಇದೇ ತಾನೆ?

ಅದಕ್ಕೆ ‘ಬಿತ್ತರ’ವೇ ಸರಿ. ಅಚ್ಚಗನ್ನಡದ ಗೆಳೆಯರು ಹಿಗ್ಗಬೇಕಿಲ್ಲ. ಅದು ‘ಬಿತ್ತು’ವಿನ ಮಗುವಲ್ಲ, ಸಂಸ್ಕೃತ ‘ವಿಸ್ತಾರ’ದ ತದ್ಭವ. ಹಾಗಾದರೆ ‘ಪ್ರಸಾರ’ವೇ ಸಾಕಲ್ಲ ಎನ್ನುವ ಪಂಡಿತರಿಗೂ ಕಿವಿಯಿಲ್ಲ. ಪತ್ರಿಕೆ ಎಷ್ಟು ಖರ್ಚಾಯಿತು ಎನ್ನುವುದಕ್ಕೂ ಪ್ರಸಾರವೆನ್ನುತ್ತೇವೆ. ಅದರಲ್ಲಿ ಹರಡುವುದಿದೆ, ಹರಡುವ ಕೈಯಿಲ್ಲ. ಕನ್ನಡದ ಬಾಯಿಗೆ ಬಿದ್ದು ವಿಸ್ತಾರ ಬಿತ್ತರವಾದಾಗ ಪಕ್ಕದಲ್ಲೇ ಬಿತ್ತ, ಬಿತ್ತನೆ ಕೂತಿದ್ದವು. ನೆರೆಮನೆಯ ಒಗ್ಗರಣೆ ವಾಸನೆ ಹತ್ತಿಕೊಳ್ಳದೆ ಇದ್ದೀತೆ? ವ್ಯುತ್ಪತ್ತಿ ನಿಘಂಟಿನಲ್ಲಿರಲಿ, ಕೇಳುವ ಕಿವಿಗೆ ಅಲ್ಲಿ ಬೀಜವೇ ಕಾಣುತ್ತದೆ.

‘ಆಕಾಶವಾಣಿ’ ಇಂಪಾದ ಹೆಸರು, ಇಲ್ಲವೆನ್ನಲಾರೆ. ಅದು ಮಾತಿಗೆ ತಕ್ಕಂತೆ ನಡೆದದ್ದು ಕೋರಿಕೆಯ ಚಿತ್ರಗೀತೆಗಳಲ್ಲಿ. ನಂಜನಗೂಡಿನಿಂದ ಇಂಥವರು, ಹುಣಸೂರಿನಿಂದ ಇಂಥವರು ಎಂದು ಓದುವಾಗ, ಕಾರ್ಡು ಹಾಕಿದ ಮನೆಯಲ್ಲಿ ಒಗ್ಗರಣೆ ಸೌಟೂ ಸುಮ್ಮನಾಗುತ್ತಿತ್ತು. ದನಿ ಅಷ್ಟು ಹೊತ್ತು ವಿಳಾಸ ಹುಡುಕಿಕೊಂಡು ಬರುತ್ತಿತ್ತು. ಪಕ್ಕದ ಮನೆಯವರಿಗೆ ಅದು ಬರೀ ಹೆಸರುಗಳ ಪಟ್ಟಿ. ಹಾಡು ಶುರುವಾಗಲೆಂದು ಕಾಯುತ್ತಿದ್ದರು.