ಮರ ಬಂತು, ಹೊಗೆ ಬರಲಿಲ್ಲ

ಮಣಿಪಾಲದ ಹೆರಿಟೇಜ್ ವಿಲೇಜ್ ನೋಡಿ ಬಂದವರೆಲ್ಲ 'ಸೂಪರ್ ಮಾರಾಯ್ರೆ' ಅಂತಾರೆ. ನಾನೂ ಅಂತೇನೆ. ಆದ್ರೆ ಅಷ್ಟಕ್ಕೇ ನಿಲ್ಲಿಸಿದರೆ ಆ ಕಟ್ಟಡಗಳಿಗೆ ಅನ್ಯಾಯ.

ಸುಮಾರು ಆರು ಎಕರೆ ಜಾಗ. ಕುಂಜೂರಿನ ಚೌಕಿ ಮನೆ, ಕಾರ್ಕಳ ಕಡೆಯ ಮಿಯಾರು ಮನೆ, ಹರ್ಕೂರಿನ ಮನೆ... ಬೇರೆ ಬೇರೆ ಊರಲ್ಲಿದ್ದವನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಹಟ ಹಿಡಿದು ಇದನ್ನು ಮಾಡಿದವರು ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ವಿಜಯನಾಥ ಶೆಣೈ. 2017ರಲ್ಲಿ ತೀರಿಕೊಂಡರು.

ಇಡೀ ಮನೆ ಸಾಗಿಸೋದು ಹೇಗೆ? ಉತ್ತರ ಮರದಲ್ಲಿದೆ. ಹಳೇ ಆಚಾರಿಗಳು ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಪಕ್ಕಾಸು ಎಂದು ಒಂದರೊಳಗೊಂದು ಕಚ್ಚಿಸಿ ಕೂರಿಸುತ್ತಿದ್ದರು. ಹಾಗೆ ಕೂರಿಸಿದ್ದು ಜಾಣ್ಮೆಯಿಂದ ಬಿಚ್ಚಿದರೆ ಬಿಚ್ಚಿ ಬರುತ್ತೆ. ಮಣ್ಣಿನ ಗೋಡೆ ಹಾಗಲ್ಲ, ಒಡೆದರೆ ಬರೀ ಮಣ್ಣು. ಹಾಗಾಗಿ ಇಂಥ ಕಡೆ ಕಂಬ, ಮುಚ್ಚಿಗೆ, ಬಾಗಿಲುಗಳನ್ನು ಹತ್ತಿರದಿಂದ ನೋಡಬೇಕು. ಹಳೇ ಕೈಗಳ ಗುರುತು ಉಳಿದಿರೋದು ಅಲ್ಲೇ.

ಚೌಕಿಯ ನಡುವಿನ ಅಂಗಳದಲ್ಲಿ ನಿಂತರೆ ಫೋಟೋದಲ್ಲಿ ಸಿಗದ್ದು ಸಿಗುತ್ತೆ: ಮಾಡಿನ ತಗ್ಗು, ಮೇಲಿಂದ ಬೀಳುವ ಬೆಳಕು, ಸುತ್ತಲಿನ ಜಗಲಿಯ ಮಬ್ಬು. ಆಷಾಢದ ಮಳೆಯನ್ನು ಮನೆಯೊಳಗೇ ಕರೆದು ನೀರು ಹೊರಗೆ ಕಳಿಸುವ ಲೆಕ್ಕಾಚಾರ ಅದು. ನಮ್ಮ 2 ಬಿಎಚ್‌ಕೆ ಬಾಲ್ಕನಿಗಳಿಗೆ ಈ ಬುದ್ಧಿ ಇಲ್ಲ.

ನನ್ನ ತಕರಾರು ಎರಡು. ಒಂದು, ಗದ್ದೆ ಇಲ್ಲ. ಚಾವಡಿ ಇದ್ದದ್ದೇ ಗೇಣಿ ಭತ್ತ ತಂದವರ ಜೊತೆ ಲೆಕ್ಕ ಮಾಡಲು; ಯಾರು ಮೇಲೆ ಕೂರಬೇಕು, ಯಾರು ಅಂಗಳದಲ್ಲೇ ನಿಲ್ಲಬೇಕು ಅಂತ ಆ ಮೆಟ್ಟಿಲುಗಳೇ ಹೇಳುತ್ತಿದ್ದವು. 1974ರ ಭೂಸುಧಾರಣೆಯಲ್ಲಿ ಗೇಣಿ ನಿಂತಿತು. ಒಳ್ಳೇದೇ ಆಯ್ತು. ಆದರೆ ಆ ಭತ್ತದ ಮೇಲೇ ನಿಂತಿದ್ದ ದೊಡ್ಡ ಮನೆಗಳು ಭಾರವಾದವು. ಅಳಿಯಸಂತಾನದ ಕೂಡುಕುಟುಂಬಗಳು ಪಾಲಾದವು, ಮಕ್ಕಳು ಬೊಂಬಾಯಿ ಸೇರಿದರು. ಇದನ್ನು ಬಿಟ್ಟು ಕೆತ್ತನೆ ಮಾತ್ರ ನೋಡಿದರೆ ಅರ್ಧ ಮನೆ ನೋಡಿದ ಹಾಗೆ.

ಎರಡನೇದು ಹೊಗೆ. ಅಡುಗೆಮನೆ ಒಲೆಯ ಹೊಗೆ ಮಾಡಿಗೇರಿ ಮರವನ್ನು ಒಣಗಿಸಿ, ಹುಳುಗಳನ್ನು ದೂರ ಇಡುತ್ತಿತ್ತು. ಮನೆಯವರ ಊಟವೇ ಮನೆಗೂ ಔಷಧಿ. ಇಂಗ್ಲೆಂಡಿನಲ್ಲಿ ಜಲಾಶಯಕ್ಕೆ ಜಾಗ ಬಿಡಬೇಕಾಗಿ ಬಂದ 'ಬೇಲೀಫ್' ಅನ್ನೋ ಮರದ ಚೌಕಟ್ಟಿನ ರೈತಮನೆಯನ್ನೂ ಹೀಗೇ ಬಿಚ್ಚಿ, ಸಸೆಕ್ಸಿನ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿದ್ದಾರೆ. ಅಲ್ಲಿ ನಡುಮನೆಯ ನೆಲದಲ್ಲೇ ಬೆಂಕಿ ಹಾಕುತ್ತಾರೆ. ನಮ್ಮ ಮನೆಗಳಿಗೂ ಒಂದು ಒಲೆ ಬೇಕು.

ಹಾಗಂತ, ಇದ್ದಲ್ಲೇ ಉಳಿಸಬೇಕಿತ್ತು ಅಂತ ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ಇದ್ದಲ್ಲಿ ಉಳಿಸೋರು ಯಾರು? ಹಲಸಿನ ಕಂಬಗಳು ಬಿಡಿಬಿಡಿಯಾಗಿ ಮಾರಾಟವಾಗಿ ಯಾವುದೋ ರೆಸ್ಟೋರೆಂಟಿನ ಮೂಲೆ ಸೇರೋದಕ್ಕಿಂತ ಶೆಣೈಯವರ ದಾರಿ ಸಾವಿರ ಪಾಲು ವಾಸಿ.

ನಿಮ್ಮ ಫ್ಯಾಮಿಲಿ ಗ್ರೂಪಲ್ಲೂ ಅಜ್ಜಿಮನೆ ಮಾರುವ ಮಾತು ನಡೀತಿರಬಹುದು. ಮಾರುವ ಮೊದಲು ಒಮ್ಮೆ ಟೇಪು ಹಿಡಿದು ಹೋಗಿ. ಅಂಗಳ, ಚಾವಡಿ, ಅಟ್ಟ ಎಲ್ಲ ಅಳೆದು ಒಂದು ನಕ್ಷೆ ಬರೆದಿಡಿ. ಯಾವ ಕೋಣೆಯಲ್ಲಿ ಏನು ನಡೀತಿತ್ತು ಅಂತ ಅಜ್ಜಿಯನ್ನೇ ಕೇಳಿ. ಅದನ್ನು ಯಾವ ಲಾರಿಯೂ ಸಾಗಿಸೋದಿಲ್ಲ.