ಫ್ರೆಂಚ್ ವ್ಯಾಕರಣದ ಸಂಜ್ಞೆಗಳೂ ಕನ್ನಡದ ಲಕ್ಷಣವಿಚಾರವೂ

ಚಿಕ್ಕಬಳ್ಳಾಪುರದ ಸೀಮೆಗೂ ಫ್ರೆಂಚ್ ಭಾಷೆಗೂ ಇರುವ ಸಂಬಂಧವು ಈಚಿನದಲ್ಲ. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿಯೇ ಫ್ರೆಂಚ್ ಜೆಸೂಯಿಟ್ ಪಾದ್ರಿಗಳು ಚಿಕ್ಕಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮೊದಲಾದೆಡೆಗಳಲ್ಲಿ ನೆಲೆಗಳನ್ನು ಮಾಡಿಕೊಂಡಿದ್ದರು. ಕನ್ನಡವೂ ತೆಲುಗೂ ಬೆರೆತ ಈ ನಾಡಿನಲ್ಲಿ ಅವರು ಮುಖ್ಯವಾಗಿ ತೆಲುಗಿನಲ್ಲಿ ವ್ಯವಹರಿಸಿದರು. ಅದೇ ಕರ್ನಾಟಿಕ್ ಮಿಷನ್ನಿಗೆ ಸೇರಿದ ಕ್ಯೊರ್ದೂ (1691–1779) ಎಂಬ ಪಾದ್ರಿಯು ತೆಲುಗು, ಫ್ರೆಂಚ್, ಸಂಸ್ಕೃತಗಳನ್ನೊಳಗೊಂಡ ನಿಘಂಟನ್ನು ರಚಿಸಿದನು. ಅಂದು ಫ್ರೆಂಚರು ಇಲ್ಲಿಯವರ ಭಾಷೆಯನ್ನು ಕಲಿತರು. ಇಂದು ಇಲ್ಲಿಯ ವಿದ್ಯಾರ್ಥಿಗಳು ಅವರ ಭಾಷೆಯನ್ನು ಕಲಿಯುತ್ತಾರೆ. ಆದರೆ ನಡುವೆ ಮೂರನೆಯದೊಂದು ಭಾಷೆ ಬಂದು ನಿಂತಿದೆ. ಫ್ರೆಂಚ್ ವ್ಯಾಕರಣದ ಸಂಜ್ಞೆಗಳನ್ನು ಇಂಗ್ಲಿಷಿನಿಂದ ತಿಳಿದು, ಅನಂತರ ಕನ್ನಡದಲ್ಲಿ ಅವಕ್ಕೆ ಸರಿಯೆಂದು ತೋರಿದ ಹೆಸರನ್ನು ಪಕ್ಕದಲ್ಲಿ ಬರೆದುಕೊಳ್ಳುವುದು ರೂಢಿ. ಈ ರೂಢಿಯ ಗುಣದೋಷಗಳು ವಿಚಾರಾರ್ಹವಾಗಿವೆ.

1985ರಲ್ಲಿ ಏರ್ಪಟ್ಟ ಡೆಲ್ಫ್, ಡಾಲ್ಫ್ ಎಂಬ ಪರೀಕ್ಷೆಗಳ ಮೇಲಿನ ಮೆಟ್ಟಿಲುಗಳಲ್ಲಿ ಸಂಜ್ಞೆಯ ಹೆಸರನ್ನು ಯಾರೂ ಕೇಳುವುದಿಲ್ಲ. ಅದು ನಿರ್ದೇಶಿಸುವ ಪ್ರಯೋಗವನ್ನು ಕೇಳುತ್ತಾರೆ. ಆದುದರಿಂದ ಸಂಜ್ಞೆಯು ಸರಿಯೇ ತಪ್ಪೇ ಎಂಬುದನ್ನು ನಿರ್ಣಯಿಸಲು ನಮ್ಮ ಶಾಸ್ತ್ರಕಾರರು ಲಕ್ಷಣಕ್ಕೆ ಹೇಳಿದ ಮೂರು ದೋಷಗಳೇ ಸಾಕು: ವಿಷಯದ ಒಂದು ಭಾಗಕ್ಕೆ ತಾಗದಿರುವುದು ಅವ್ಯಾಪ್ತಿ, ವಿಷಯವನ್ನು ಮೀರಿ ಬೇರೆಡೆಗೂ ಹರಿಯುವುದು ಅತಿವ್ಯಾಪ್ತಿ, ಎಲ್ಲಿಯೂ ಹೊಂದದಿರುವುದು ಅಸಂಭವ.

ಮೊದಲು ಸ್ಯುಬ್ಜೊಂಕ್ತಿಫ್ ಎಂಬ ಕ್ರಿಯಾರೂಪವನ್ನು ನೋಡಬಹುದು. ಇದನ್ನು ಕನ್ನಡದ ಸಂಭಾವನಾರ್ಥವೆಂದು ಬರೆದುಕೊಳ್ಳುವುದು ಸುಲಭ. ‘ಅವನು ಎಲ್ಲಿ ಬಂದಾನೋ ಎಂದು ಭಯ’ ಎಂಬಲ್ಲಿ ಎರಡು ಭಾಷೆಗಳೂ ಚೆನ್ನಾಗಿ ಹೊಂದುತ್ತವೆ. ಭಯಾರ್ಥಕವಾದ ಆ ಫ್ರೆಂಚ್ ವಾಕ್ಯದಲ್ಲಿ ನಿಷೇಧವಿಲ್ಲದಿದ್ದರೂ ನಿಷೇಧಸೂಚಕವಾದ ‘ನ’ಕಾರವೊಂದು ಬರುವುದುಂಟು, ಅದನ್ನು ‘ಬಾರನು’ ಎಂದು ತಿಳಿಯಕೂಡದೆಂಬುದು ಈ ಕನ್ನಡ ವಾಕ್ಯದಿಂದ ಕೂಡಲೆ ಹೊಳೆಯುತ್ತದೆ. ಆದರೆ ‘ಅವನು ಧನಿಕನಾಗಿದ್ದರೂ’ ಎಂಬುದಕ್ಕೆ ಫ್ರೆಂಚರು ‘ಬಿಯಾಂ ಕಿಲ್ ಸ್ವಾ ರೀಷ್’ ಎನ್ನುವರು. ಅವನು ಧನಿಕನೆಂಬುದು ಇಲ್ಲಿ ನಿಶ್ಚಿತ. ಸಂಭಾವನೆಯ ಲೇಶವೂ ಇಲ್ಲ. ಆದರೂ ಕ್ರಿಯೆ ಸ್ಯುಬ್ಜೊಂಕ್ತಿಫ್. ಇದು ಅವ್ಯಾಪ್ತಿ. ‘ನಾಳೆ ಬಂದಾನು’ ಎಂಬ ಶುದ್ಧ ಸಂಭಾವನೆಗೆ ಫ್ರೆಂಚರು ‘ಬಹುಶಃ’ ಎಂಬರ್ಥದ ಅವ್ಯಯವನ್ನು ಸೇರಿಸಿ ಸಾಮಾನ್ಯ ಭವಿಷ್ಯತ್ತನ್ನೇ ಪ್ರಯೋಗಿಸಬಲ್ಲರು. ಇದು ಅತಿವ್ಯಾಪ್ತಿ. ಹೀಗೆ ಒಂದೇ ಹೆಸರಿನಲ್ಲಿ ಎರಡು ದೋಷಗಳು ಕೂಡಿವೆ. ಈ ರೂಪವು ಬಹುಮಟ್ಟಿಗೆ ವಾಕ್ಯದ ಅರ್ಥವೊಂದನ್ನೇ ಅನುಸರಿಸದೆ, ಅದನ್ನು ಆಳುವ ಪ್ರಧಾನಕ್ರಿಯೆಯನ್ನೂ ಸಂಯೋಜಕಾವ್ಯಯವನ್ನೂ ಅನುಸರಿಸುತ್ತದೆಯಾದ ಕಾರಣ, ‘ಅಧೀನರೂಪ’ವೆಂದರೆ ಹೆಚ್ಚು ಯುಕ್ತವಾದೀತು.

ಕೊಂದಿಸಿಯೊನೆಲ್ ಎಂಬುದರ ಗತಿ ಇನ್ನೂ ವಿಚಿತ್ರವಾದುದು. ಆ ಶಬ್ದಕ್ಕೆ ‘ಪಕ್ಷಕ್ಕೆ ಸಂಬಂಧಿಸಿದುದು’ ಎಂದರ್ಥ. ಕನ್ನಡದಲ್ಲಿ ‘ಬಂದರೆ’, ‘ಮಾಡಿದರೆ’ ಎಂಬ ಪಕ್ಷಾರ್ಥಕಗಳಿವೆ. ಆದುದರಿಂದ ಎರಡೂ ಒಂದೇ ಎಂದು ತೋರುವುದು ಸಹಜ. ಆದರೆ ‘ಸಿಲ್ ವೆನೆ, ಜೆ ಪಾರ್ತಿರೆ’, ಎಂದರೆ ‘ಅವನು ಬಂದರೆ ನಾನು ಹೊರಟೇನು’, ಎಂಬ ವಾಕ್ಯದಲ್ಲಿ ಕೊಂದಿಸಿಯೊನೆಲ್ ನಿಲ್ಲುವುದು ‘ಹೊರಟೇನು’ ಎಂಬ ಫಲದ ಮೇಲೆ. ‘ಬಂದರೆ’ ಎಂಬ ಪಕ್ಷದ ಮೇಲೆ ಅದು ನಿಲ್ಲಲೇಕೂಡದು. ಕನ್ನಡದ ಸಂಜ್ಞೆಯು ಯಾವ ಉಪವಾಕ್ಯವನ್ನು ಹೆಸರಿಸುತ್ತದೆಯೋ ಅದೇ ಫ್ರೆಂಚ್ ಸಂಜ್ಞೆಗೆ ನಿಷಿದ್ಧಸ್ಥಾನ. ಇದು ಅಸಂಭವಕ್ಕೆ ಸಮೀಪವಾದ ದೋಷ. ಮೇಲಿನ ತರಗತಿಯ ವಿದ್ಯಾರ್ಥಿಗಳು ಬಾರಿಬಾರಿಗೂ ಎಡವುವ ಈ ಎಡೆಗೆ ಹೆಸರಿನ ಸಾದೃಶ್ಯವೂ ಒಂದು ಕಾರಣವಾಗಬಹುದು.

ಆದರೆ ಹೆಸರು ಕೈಬಿಟ್ಟಲ್ಲಿ ಭಾಷೆ ಕೈಹಿಡಿಯುತ್ತದೆ. ‘ಬಂದರೆ’ ಎಂಬುದು ಹಳಗನ್ನಡದ ‘ಬಂದೊಡೆ’ಯಿಂದ ಬಂದು, ಭೂತಕೃದಂತದ ಮೇಲೆ ನಿಂತಿರುವ ರೂಪ; ಅರ್ಥವಾದರೋ ಮುಂದಿನದು. ರೂಪವು ಭೂತವಾದರೂ ಕಾಲವು ಭೂತವಾಗಬೇಕಿಲ್ಲವೆಂಬುದು ಕನ್ನಡಿಗನಿಗೆ ಹುಟ್ಟಿನಿಂದ ಬಂದ ತಿಳಿವಳಿಕೆ. ಫ್ರೆಂಚಿನ ಪಕ್ಷವಾಕ್ಯದಲ್ಲಿ ಭೂತಕಾಲದ ‘ವೆನೆ’ ಬಂದುದು ಅವನಿಗೆ ಆಶ್ಚರ್ಯವಾಗಬೇಕಾದುದಿಲ್ಲ. ಮತ್ತೆ, ಪತ್ರಿಕೆಗಳಲ್ಲಿ ಖಚಿತವಾಗದ ವರ್ತಮಾನವನ್ನು ಹೇಳುವಾಗಲೂ ಫ್ರೆಂಚರು ಕೊಂದಿಸಿಯೊನೆಲನ್ನು ಬಳಸುವರು. ‘ಮಂತ್ರಿಗಳಿಗೆ ಅಸ್ವಸ್ಥವಂತೆ’ ಎಂಬ ನಮ್ಮ ಮಾತಿನ ‘ಅಂತೆ’ಯು ಮಾಡುವ ಕೆಲಸ ಅದೇ. ಇಂಗ್ಲಿಷಿನಲ್ಲಿ ಇಂಥದನ್ನು ಹೇಳಲು ಬೇರೆ ಮಾತುಗಳನ್ನೇ ಕೂಡಿಸಬೇಕು. ಕನ್ನಡದಲ್ಲಿ ಒಂದು ಪ್ರತ್ಯಯ ಸಾಕು.

ಭೂತಕಾಲದ ಎರಡು ರೂಪಗಳಲ್ಲಿಯೂ ಹೀಗೆಯೇ. ‘ಅವನು ದಿನವೂ ಸಂತೆಗೆ ಹೋಗುತ್ತಿದ್ದನು’ ಎಂಬಲ್ಲಿ ಫ್ರೆಂಚಿನ ಆಂಪರ್ಫೆಯೂ, ‘ನಿನ್ನೆ ಹೋದನು’ ಎಂಬಲ್ಲಿ ಪಾಸೆ ಕೊಂಪೊಜೆಯೂ ಸಲ್ಲುತ್ತವೆ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಒಂದೇ ಕ್ರಿಯಾರೂಪ ಸಾಕಾಗುವುದರಿಂದ ಆ ಮಾರ್ಗವಾಗಿ ಬಂದವನು ಇಲ್ಲಿ ತಪ್ಪುತ್ತಾನೆ. ಶಿಡ್ಲಘಟ್ಟದ ಬಾಲಕನಿಗೆ ಮನೆಯ ಮಾತಿನಲ್ಲಿಯೇ ಇರುವ ಭೇದವನ್ನು, ಅದನ್ನು ಅಳಿಸಿದ ಭಾಷೆಯ ಮೂಲಕ ಕಲಿಸುವುದು ಶ್ರಮದ ಅಪವ್ಯಯ.

ಜೆರೊಂದಿಫ್ ಎಂಬುದಕ್ಕೆ ‘ನಡೆಯುತ್ತಾ’ ಎಂಬ ಕೃದಂತಾವ್ಯಯವು ಸಮಾನವೆಂಬುದು ಬಹುತೇಕ ನಿಜ. ಆದರೆ ಜೆರೊಂದಿಫಿನ ಕರ್ತೃವೂ ಪ್ರಧಾನಕ್ರಿಯೆಯ ಕರ್ತೃವೂ ಒಂದೇ ಆಗಿರಬೇಕೆಂಬ ನಿಯಮವುಂಟು. ಕನ್ನಡದಲ್ಲಿಯಾದರೋ ‘ಮಳೆ ಬಂದು ಕೆರೆ ತುಂಬಿತು’ ಎನ್ನಬಹುದು. ಬಂದುದು ಮಳೆ, ತುಂಬಿದುದು ಕೆರೆ. ಕೃದಂತಾವ್ಯಯವೆಂಬ ಸಂಜ್ಞೆಯೊಂದನ್ನೇ ನಂಬಿ ಇದನ್ನು ಜೆರೊಂದಿಫಿಗೆ ತಿರುಗಿಸಿದರೆ ವಾಕ್ಯವು ಕೆಡುತ್ತದೆ. ಇಲ್ಲಿ ಸಂಜ್ಞೆಯೊಡನೆ ಅದರ ಮೇರೆಯನ್ನೂ ಹೇಳಿಕೊಡಬೇಕು.

ಕರ್ಮವೆಂಬ ಸಂಜ್ಞೆಯ ಉಪಯೋಗ ಎಲ್ಲಕ್ಕಿಂತ ಹೆಚ್ಚಿನದು. ‘ಪತ್ರಗಳನ್ನು ಬರೆದೆನು’ ಎಂಬಲ್ಲಿ ಫ್ರೆಂಚಿನ ಕೃದಂತವು ‘ಏಕ್ರಿ’ ಎಂದೇ ಉಳಿಯುತ್ತದೆ. ‘ನಾನು ಬರೆದ ಪತ್ರಗಳು’ ಎಂದು ಕರ್ಮವು ಮುಂದೆ ಬಂದೊಡನೆ ಅದು ಸ್ತ್ರೀಲಿಂಗ ಬಹುವಚನವನ್ನು ತಾಳಿ ‘ಏಕ್ರೀತ್’ ಆಗುತ್ತದೆ. ಕ್ರಿಯೆಯು ಕರ್ಮಕ್ಕೆ ಹೊಂದಿ ನಡೆಯುವ ಕರ್ಮಣಿಪ್ರಯೋಗವನ್ನು ಬಲ್ಲವನಿಗೆ ಇದು ಅಪರಿಚಿತವಲ್ಲ. ಆದರೆ ಕರ್ಮವನ್ನು ವಿಭಕ್ತಿಯಿಂದ ಗುರುತಿಸಹೊರಟರೆ ಮೋಸಹೋಗಬೇಕಾಗುತ್ತದೆ. ‘ಅವನಿಗೆ ಸಹಾಯ ಮಾಡಿದೆನು’ ಎಂದು ನಾವು ಚತುರ್ಥಿಯನ್ನು ಹಾಕಿದಲ್ಲಿ ಫ್ರೆಂಚರು ನೇರವಾದ ಕರ್ಮವನ್ನು ಇಡುವರು. ಒಂದು ವಿಭಕ್ತಿಯ ಅರ್ಥದಲ್ಲಿ ಇನ್ನೊಂದು ಬರುವ ವಿಭಕ್ತಿಪಲ್ಲಟವನ್ನು ಕೇಶಿರಾಜನೇ ನಿರೂಪಿಸಿದ್ದಾನಾಗಿ, ಕಾರಕ ಬೇರೆ, ವಿಭಕ್ತಿ ಬೇರೆ ಎಂಬುದು ಕನ್ನಡ ವ್ಯಾಕರಣವನ್ನು ಓದಿದವನಿಗೆ ಹೊಸ ಪಾಠವಲ್ಲ.

ಶಬ್ದಸಂಪತ್ತಿನ ವಿಷಯದಲ್ಲಿಯೂ ಎರಡು ಮಾತುಗಳು ಅವಶ್ಯ. ಡಾಲ್ಫಿನ ಮೊದಲ ಮೆಟ್ಟಿಲಿನಲ್ಲಿ ಹಲವು ಲೇಖನಗಳ ಸಾರವನ್ನು ಸುಮಾರು 220 ಶಬ್ದಗಳಲ್ಲಿ, ಸ್ವಂತ ಅಭಿಪ್ರಾಯವನ್ನು ಬೆರೆಸದೆ, ಸಂಗ್ರಹಿಸಬೇಕು. ಅಲ್ಲಿ ವಾದವನ್ನು ಜೋಡಿಸುವ ಅವ್ಯಯಗಳೇ ಪ್ರಾಣ. ‘ಓರ್’ ಎಂಬ ಫ್ರೆಂಚ್ ಅವ್ಯಯವನ್ನು ‘ಆದರೆ’ ಎಂದು ಬರೆದುಕೊಂಡರೆ ಅದರ ಕೆಲಸ ತಿಳಿಯದು. ವಾದದ ನಡುವೆ, ಹಿಂದೆ ಹೇಳಿದ ಸಾಮಾನ್ಯನಿಯಮಕ್ಕೆ ಪ್ರಕೃತವಿಷಯವನ್ನು ತಂದು ಹೊಂದಿಸುವುದು ಅದರ ಮುಖ್ಯವೃತ್ತಿ. ನ್ಯಾಯಶಾಸ್ತ್ರದಲ್ಲಿ ಇದು ಉಪನಯ. ಅದರ ಹಿಂದೆಯೇ ಬರುವ ‘ದೋಂಕ್’ ನಿಗಮನವನ್ನು ಸೂಚಿಸುತ್ತದೆ.

ಎರಡನೆಯದು, ರೂಪ ಒಂದಾಗಿ ಅರ್ಥ ಬೇರೆಯಾದ ಶಬ್ದಗಳ ಮಾತು. ಫ್ರೆಂಚರು ಇವನ್ನು ‘ಸುಳ್ಳು ಗೆಳೆಯರು’ ಎನ್ನುವರು. ‘ಆಕ್ತ್ಯುಎಲ್ಮಾಂ’ ಎಂದರೆ ‘ಈಗ’. ಇಂಗ್ಲಿಷಿನ ಸದೃಶಶಬ್ದವನ್ನು ನಂಬಿದವನು ‘ವಾಸ್ತವವಾಗಿ’ ಎಂದುಕೊಳ್ಳುತ್ತಾನೆ. ಈ ಅಪಾಯವನ್ನು ಚಿಂತಾಮಣಿಯ ವಿದ್ಯಾರ್ಥಿಗೆ ವಿವರಿಸಲು ಪುಸ್ತಕ ಬೇಕಿಲ್ಲ. ತೆಲುಗಿನಲ್ಲಿ ‘ಅವಸರ’ವೆಂದರೆ ಅಗತ್ಯ, ಕನ್ನಡದಲ್ಲಿ ಆತುರ, ಎರಡನ್ನೂ ಬಲ್ಲ ಮನೆಯಲ್ಲಿ ಬೆಳೆದವನಿಗೆ ಇಂಥ ಗೆಳೆಯರ ಪರಿಚಯವು ಬಾಲ್ಯದಿಂದಲೇ ಉಂಟು.

ಇದರಿಂದ ಕನ್ನಡದ ಸಂಜ್ಞೆಗಳನ್ನೇ ಫ್ರೆಂಚಿಗೆ ಹೊದಿಸಬೇಕೆಂದು ಸಿದ್ಧವಾಗುವುದಿಲ್ಲ; ಹಾಗೆ ಮಾಡಿದರೆ ಒಂದು ಎರವಲನ್ನು ಬಿಟ್ಟು ಇನ್ನೊಂದನ್ನು ಹಿಡಿದಂತಾದೀತು. ಅನುಕರಣೀಯವಾದುದು ಕಿಟ್ಟೆಲರ ಮಾರ್ಗ. ಜರ್ಮನಿಯಿಂದ ಬಂದ ಆ ವಿದ್ವಾಂಸರು 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1903ರಲ್ಲಿ ತಮ್ಮ ಕನ್ನಡ ವ್ಯಾಕರಣವನ್ನು ಬರೆಯುವಾಗ ಕೇಶಿರಾಜನನ್ನೇ ಆಧಾರವಾಗಿಟ್ಟುಕೊಂಡರು. ಕಲಿಯುವ ಭಾಷೆಯ ಸಂಜ್ಞೆಯನ್ನು ಆ ಭಾಷೆಯಿಂದಲೇ ತೆಗೆದುಕೊಂಡು, ಅದರ ಮೇರೆಯನ್ನು ತಾಯ್ನುಡಿಯ ಲಕ್ಷ್ಯಗಳಿಂದ ಅಳೆಯುವುದೇ ಸರಿಯಾದ ಕ್ರಮ. ಉಪಾಧ್ಯಾಯರು ಪ್ರತಿಯೊಂದು ಸಂಜ್ಞೆಯ ಮುಂದೆಯೂ ಒಂದು ಹೆಸರಿಗೆ ಬದಲಾಗಿ ಎರಡು ಕನ್ನಡ ವಾಕ್ಯಗಳನ್ನು ಬರೆಸಲಿ: ಸಂಜ್ಞೆಯು ಹೊಂದುವುದೊಂದು, ಹೊಂದದುದೊಂದು. ‘ಕೃದಂತಾವ್ಯಯ’ವೆಂಬ ಶಬ್ದವು ಮರೆತರೂ ಮಳೆ ಬಂದು ಕೆರೆ ತುಂಬಿದ ವಾಕ್ಯವು ಮರೆಯುವುದಿಲ್ಲ.